ಕುದುರೆ ಕಾರಿನ ಬೆಳ್ಳಿಯಪ್ಪ

ಬೆಳ್ಳಿಯಪ್ಪನಷ್ಟು ಜಂಬದ ಮನುಷ್ಯ ಬಣಕಲ್ ಸುತ್ತಮುತ್ತ ಇನ್ನೊಬ್ಬನಿಲ್ಲ. ವಯಸ್ಸು ಎಪ್ಪತ್ತನಾಲ್ಕು. ಈಗಲೂ ಬಸ್ ಹತ್ತಿದರೆ ಡ್ರೈವರನ ಹಿಂದೆಯೇ ನಿಂತು, "ಸೆಕೆಂಡಿಗೆ ಹಾಕು ಮಾರಾಯ, ಗಾಡಿ ಅಳ್ತಾ ಇದೆ" ಎಂದು ಪಾಠ ಹೇಳುತ್ತಾನೆ. ತಾನು ಕೊನೆಯ ಸಲ ಸ್ಟೇರಿಂಗ್ ಹಿಡಿದು ಇಪ್ಪತ್ತೇಳು ವರ್ಷವಾಯಿತು ಎಂಬುದು ಆಗ ಅವನಿಗೆ ನೆನಪಿರುವುದಿಲ್ಲ.

ನಾನು ಜಯದೇವಪ್ಪ, ಅವನು ಡ್ರೈವರಾಗಿದ್ದ ಕಾಫಿ ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಗೊಬ್ಬರ, ಔಷಧಿ ಎಲ್ಲ ನನ್ನ ಸುಪರ್ದಿ. ಜಂಬ ನನಗೂ ಇದೆ. ನನ್ನ ಕೈಯಿಂದ ತಪ್ಪಾಗುವುದಿಲ್ಲ ಎಂದು ಮೊನ್ನೆಯವರೆಗೂ ಎದೆ ತಟ್ಟಿ ಹೇಳುತ್ತಿದ್ದೆ.

ಆ ಕಾರು ಅಮೆರಿಕದ್ದು. ಎಂಟು ಸಿಲಿಂಡರಿನ ಮಸ್ಟಾಂಗ್. ಎಸ್ಟೇಟಿನ ಯಜಮಾನರಾದ ದೊಡ್ಡ ಗೌಡರು ಮದ್ರಾಸಿನ ಹರಾಜೊಂದರಲ್ಲಿ ಹಿಡಿದು ತಂದಿದ್ದರು. ಮೂತಿಯ ಮೇಲೆ ಓಡುವ ಕುದುರೆಯ ಗುರುತಿದ್ದುದರಿಂದ ಆಳುಗಳೆಲ್ಲ ಅದನ್ನು ಕುದುರೆ ಕಾರು ಎಂದೇ ಕರೆದರು. ಸ್ಟೇರಿಂಗ್ ಎಡಗಡೆ, ಬಾನೆಟ್ಟು ಮಾರುದ್ದ. ನಮ್ಮ ತಿರುವುಗಳಲ್ಲಿ ಅದನ್ನು ಹೊಡೆಯಲು ಬೆಳ್ಳಿಯಪ್ಪನೊಬ್ಬನಿಂದಲೇ ಆಗುತ್ತಿತ್ತು. ಒಮ್ಮೆ ದೇವರಮನೆ ಗುಡ್ಡದ ರಸ್ತೆಯಲ್ಲಿ ಎದುರಿಗೆ ಸೌದೆ ಲಾರಿ ಬಂದಾಗ, ಒಂದು ಫರ್ಲಾಂಗು ಹಿಂದಕ್ಕೇ ಹೋಗಿ ಗೌಡರನ್ನು ಸುಖವಾಗಿ ಇಳಿಸಿದ. ಅಷ್ಟು ದೂರವೂ ಅವನು ಬೀಡಿ ಬಾಯಿಂದ ತೆಗೆಯಲಿಲ್ಲವಂತೆ. ಇದು ಅವನೇ ಹೇಳಿದ್ದು, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತಮೂರರಲ್ಲಿ ಬಿಡಿಭಾಗ ಸಿಗದೆ ಕಾರನ್ನು ನಿಲ್ಲಿಸಬೇಕಾಯಿತು. ಬೆಳ್ಳಿಯಪ್ಪ ಅದನ್ನು ಗ್ಯಾರೇಜಿನಲ್ಲಿ ಕಲ್ಲುಗಳ ಮೇಲೆ ಏರಿಸಿ, ಎರಡು ದಿನ ಅಡಿಯಲ್ಲಿ ಮಲಗಿ ಹಳೇ ಆಯಿಲ್ಲು, ಗ್ರೀಸು ಬಳಿದ. "ಇನ್ನು ಐವತ್ತು ವರ್ಷ ಇದಕ್ಕೆ ತುಕ್ಕು ಹಿಡಿಯಲ್ಲ" ಎಂದು ಎಲ್ಲರೆದುರು ಸಾರಿದ.

ನಾಲ್ಕೇ ವರ್ಷ. ಒಂದು ಚಳಿಗಾಲ ಗೌಡರು ಗ್ಯಾರೇಜು ತೆಗೆಸಿ ನೋಡಿದರೆ, ಕಾರಿನ ನೆಲ ಜರಡಿಯಾಗಿತ್ತು. ಬೆಳ್ಳಿಯಪ್ಪ ದೇವರಾಣೆ ಹಾಕಿದ. ಗೌಡರು ನನ್ನ ಮುಖ ನೋಡಿದರು. ನಾನು ನಾಲಿಗೆ ಬಿಗಿ ಹಿಡಿಯಬಹುದಿತ್ತು. "ಬಳಿಯೋಕೆ ಕೊಟ್ಟ ಆಯಿಲ್ ಮಾರ್ಕೊಂಡಿರ್ಬೇಕು ಸಾರ್" ಎಂದುಬಿಟ್ಟೆ. ಅಂದೇ ಅವನ ಕೈಯಿಂದ ಜೀಪಿನ ಕೀಲಿಯೂ ಹೋಯಿತು. ಬೆನ್ನಿಗೆ ಔಷಧಿ ಹೊಡೆಯುವ ಕ್ಯಾನು ಬಂತು.

ಊರಿನವರು ಮರೆತರು, ಅವನ ಹೆಂಡತಿ ಬಸಮ್ಮ ಮರೆಯಲಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ, "ಆಯಿಲ್ ಮಾರ್ದೋರ ಮಾತು ನಾನು ಕೇಳ್ಬೇಕಾ?" ಎನ್ನುತ್ತಿದ್ದಳು. ಇಷ್ಟು ಜಂಬದವನು ಆ ಒಂದು ಮಾತಿಗೆ ಮಾತ್ರ ತಲೆ ತಗ್ಗಿಸಿ ಹೊರಗೆ ಬರುತ್ತಿದ್ದ.

ಹೋದ ಮಳೆಗಾಲ ಗ್ಯಾರೇಜಿನ ಗೋಡೆ ಬಿತ್ತು. ಮೆಣಸಿನ ಬಳ್ಳಿ ಹಬ್ಬಿದ ಕಾರಿನ ಫೋಟೋವನ್ನು ಹೋಮ್‌ಸ್ಟೇಗೆ ಬಂದವರು ಯಾರೋ ಮೊಬೈಲಿನಲ್ಲಿ ಹಂಚಿದರು. ಈಗ ಎಸ್ಟೇಟ್ ನೋಡಿಕೊಳ್ಳುವ ಗೌಡರ ಮೊಮ್ಮಗಳು ದಿವ್ಯಾಗೆ ಫೋನುಗಳೇ ಫೋನುಗಳು. ಕೊನೆಗೆ, ಹಳೇ ಕಾರುಗಳಿಗೆ ಜೀವ ಕೊಡುವ ಚಿಕ್ಕಮಗಳೂರಿನ ರಾಜೀವ್ ಬಂದ. ಕಾರಿನ ಅಡಿಗೆ ನುಗ್ಗಿದ. ಬೆಳ್ಳಿಯಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದ. ದಿವ್ಯಾ, ನಾನೂ ಅಲ್ಲೇ ಇದ್ದೆವು.

"ಅಡಿಗೆ ಆಯಿಲ್ ಬಳಿದಿದ್ದು ಯಾರು?" ಒಳಗಿಂದಲೇ ರಾಜೀವ್ ಕೇಳಿದ.

"ನಾನೇ. ಯಾಕೆ?"

"ಬೆರಳು ದಪ್ಪ ಗ್ರೀಸ್ ಇದೆ ಅಜ್ಜಾ. ಚಾಸಿ ಉಕ್ಕಿನ ಹಾಗಿದೆ. ನೆಲವನ್ನ ತುಕ್ಕು ಕೆಳಗಿಂದ ತಿಂದಿಲ್ಲ, ಮೇಲಿಂದ ತಿಂದಿದೆ." ಹೊರಗೆ ಬಂದವನೇ ಕಾರಿನೊಳಗೆ ಬಗ್ಗಿ, ಹಿಂದಿನ ಸೀಟಿನ ಜಾಗದಿಂದ ತುಕ್ಕಿನ ಒಂದು ಚಕ್ಕೆ ಎತ್ತಿ ತೋರಿಸಿದ. ಅಂಚಿನಲ್ಲಿ ನೀಲಿ ಹಸಿರು. "ಮೈಲುತುತ್ತ. ಇದನ್ನ ಕಾರೊಳಗೆ ಯಾರಪ್ಪ ಇಟ್ಟಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನೇ ಹೆಗಲಿಗೆ ಹೋಯಿತು.

ಗೌಡರು ಗ್ಯಾರೇಜು ತೆಗೆಸಿದ ಆ ಚಳಿಗಾಲದ ಹಿಂದಿನ ಜೂನಿನಲ್ಲಿ ಗಾಳಿಗೆ ಸ್ಟೋರಿನ ಶೀಟು ಹಾರಿಹೋಗಿತ್ತು. ಕಾಫಿಗೆ ಹೊಡೆಯುವ ಔಷಧಿಯ ಮೈಲುತುತ್ತ ನೆನೆಯಬಾರದು ಎಂದು, ಇಡೀ ಎಸ್ಟೇಟಿನಲ್ಲಿ ಸೋರದ ಸೂರು ಗ್ಯಾರೇಜೊಂದೇ ಎಂದು, ಅಲ್ಲಿಯೂ ನೆಲ ಹಸಿ ಎಂದು, ಎಂಟು ಚೀಲಗಳನ್ನು ಕಾರಿನೊಳಗೇ ಪೇರಿಸಿದವನು ನಾನು. ಎರಡು ತಿಂಗಳಿಗೆ ಚೀಲ ಖಾಲಿಯಾದವು, ನಾನು ಮರೆತೆ. ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತ ಕಲಸಿದರೆ ಡ್ರಮ್ಮು ತೂತಾಗುತ್ತದೆ ಎಂದು ಆಳುಗಳಿಗೆ ಬೈಯುತ್ತಿದ್ದವನೂ ನಾನೇ. ಕಾರೂ ಕಬ್ಬಿಣ ಎಂಬುದು ಈ ಬುದ್ಧಿವಂತನಿಗೆ ಹೊಳೆದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದದ್ದಾಯಿತು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಆಸೆಯೂ ಒಂದು ಗಳಿಗೆ ಬಂತು. ಆದರೆ ಬೆಳ್ಳಿಯಪ್ಪ ಆ ಚಕ್ಕೆಯನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದ ರೀತಿ ಕಂಡು ನಾಚಿಕೆಯಾಯಿತು.

"ನಾನು ಇಟ್ಟಿದ್ದು ದಿವ್ಯಮ್ಮ" ಎಂದೆ. "ಬೆಳ್ಳಿಯಪ್ಪ ಆಯಿಲ್ ಮಾರಿರ್ಲಿಲ್ಲ. ನಾನು ನಿಮ್ಮ ಅಜ್ಜನ ಹತ್ರ ಸುಳ್ಳು ಹೇಳ್ದೆ."

ಬೆಳ್ಳಿಯಪ್ಪ ಬೈಯುತ್ತಾನೆ, ಕೈ ಎತ್ತಿದರೂ ಎತ್ತಬಹುದು ಎಂದುಕೊಂಡೆ. ಅವನು ಚಕ್ಕೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಇಲ್ಲಿ ಹೇಳಿದ್ದು ಸಾಕಾಗಲ್ಲ ರೈಟ್ರೇ. ಮನೆಗೆ ಬನ್ನಿ."

ಆಳುಗಳ ಮನೆಗಳ ಲೈನಿನ ಕೊನೆಯ ಮನೆಯವರೆಗೆ ಅವನು ಮುಂದೆ, ನಾನು ಹಿಂದೆ. ಬಸಮ್ಮ ಜಗಲಿಯಲ್ಲಿ ಮೆಣಸು ಕೇರುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಸ್ಟೋರು, ಚೀಲ, ಗೌಡರಿಗೆ ಹೇಳಿದ ಮಾತು, ಒಂದನ್ನೂ ಬಿಡಲಿಲ್ಲ. ಮೊರ ಅವಳ ಕೈಯಲ್ಲೇ ನಿಂತಿತು. ನನ್ನ ಕಡೆ ನೋಡಲೇ ಇಲ್ಲ. ಗಂಡನನ್ನೇ ನೋಡುತ್ತಾ ಕೂತಳು, ಕಣ್ಣು ತುಂಬಿ ಬಂತು.

"ನಾನೂ ನಂಬ್ಲಿಲ್ಲ ಅಲ್ವಾ ನಿಮ್ಮನ್ನ" ಎಂದಳು.

ಬೆಳ್ಳಿಯಪ್ಪ ನನ್ನ ಕಡೆ ತಿರುಗಿದ.

"ಇನ್ನೊಂದ್ಸಲ ಹೇಳಿ ರೈಟ್ರೇ. ಇವಳಿಗೆ ಎಡಗಿವಿ ಸ್ವಲ್ಪ ಮಂದ."

ನಾನು ಮೊದಲಿಂದ ಶುರು ಮಾಡಿದೆ, ಈ ಸಲ ಇಡೀ ಲೈನಿಗೆ ಕೇಳುವಷ್ಟು ಜೋರಾಗಿ.