ಸುಣ್ಣದ ಚುಕ್ಕಿಯ ಕುಳ್ಳು

ಅಜ್ಜನಾದ ಮೇಲೆ ನನಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ. ಕಿವಿಗೇನೂ ಆಗಿಲ್ಲ, ಬಾಯಿ ಅದಕ್ಕೆ ಪುರುಸೊತ್ತು ಕೊಡುತ್ತಿಲ್ಲ. ಮಗಳು ರಾಯಚೂರಿನ ನಮ್ಮ ಮನೆಗೆ ಹೆರಿಗೆಗೆ ಬಂದು ಹೆಣ್ಣು ಕೂಸು ಹೆತ್ತಳು. ಅಂದಿನಿಂದ ಫೋನಿನಲ್ಲಿ ಕೂಸಿನ ಫೋಟೋ ಹಿಡಿದು ಕಂಡವರನ್ನೆಲ್ಲ ನಿಲ್ಲಿಸುತ್ತೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಆದರೂ ಫೋಟೋ ಸರಿಸುವುದನ್ನು ಒಂದೇ ದಿನದಲ್ಲಿ ಕಲಿತೆ.

ಕೂಸು ಉಣ್ಣಲು ಕಲಿಯುವ ಹೊತ್ತಿಗೆ ನಮ್ಮ ಮಾಳಿಗೆಯ ಮೇಲೆ ಬೆಳೆದ ಹೀರೇಕಾಯಿಯನ್ನೇ ಮೆತ್ತಗೆ ಬೇಯಿಸಿ ತಿನ್ನಿಸಬೇಕೆಂದು ಆಸೆಯಾಯಿತು. ಬೇಕಾದದ್ದು ಹತ್ತು ಹೀರೆ ಬೀಜ, ಬಾಣಂತಿಗೆಂದು ಒಂದು ಚಿಟಿಕೆ ಸಬ್ಬಸಿಗೆ ಬೀಜ. ಅಷ್ಟೇ.

ಬೀಜದ ಅಂಗಡಿಯವನು, “ಎಷ್ಟು ಎಕರೆಕ್ಕ ಬೇಕ್ರಿ ಯಜಮಾನ್ರ?” ಎಂದ.

“ಎರಡು ಡಬ್ಬಿಗಪ್ಪಾ, ಮಣ್ಣು ತುಂಬಿದ ಎಣ್ಣಿ ಡಬ್ಬಿಗೆ.”

ಅವನು ನಕ್ಕು ಒಂದು ಪಾಕೀಟು ತೆಗೆದಿಟ್ಟ. ಇದರ ಕಾಯಿಯಿಂದ ಬೀಜ ಎತ್ತಿಟ್ಟರೆ ಬರುವ ವರ್ಷಕ್ಕೆ ಆಗುತ್ತದೆಯೇ ಎಂದು ಕೇಳಿದೆ. “ಇದು ಹೈಬ್ರಿಡ್ ಅದ, ಎತ್ತಿಟ್ಟರ ಇಂಥವ ಬರಾಂಗಿಲ್ರಿ. ಮತ್ತ ಹೊಸಾದೇ ಒಯ್ಯಬೇಕು” ಎಂದ. ನಾನು ಪಾಕೀಟು ಕೈಯಲ್ಲಿ ಹಿಡಿದು ಬೆಪ್ಪಾಗಿ ನಿಂತೆ. ತನ್ನಂಥ ಮೊಮ್ಮಕ್ಕಳೇ ಹುಟ್ಟದ ಬೀಜ! ಈಗಷ್ಟೇ ಅಜ್ಜನಾದವನಿಗೆ ಇಂಥ ಮಾತು ಹೇಳಬಹುದೇ? ಪಾಕೀಟು ಅಲ್ಲಿಯೇ ಬಿಟ್ಟು, ಅವನಿಗೂ ಫೋಟೋ ತೋರಿಸಿ ಬಂದೆ.

ಮಾನ್ವಿಯ ಬೀಗರಿಗೆ ಪೇಡೆ ಕೊಡಲು ಹೋದಾಗ ಅಲ್ಲಿಯೂ ಅಂಗಡಿ ಸುತ್ತಿದೆ. “ಬೀಗರ, ನೀವು ಬೀಜ ಹುಡಕಾಕತ್ತೀರೋ, ಫೋಟೋ ಹಂಚಾಕತ್ತೀರೋ?” ಎಂದು ಬೀಗರು ನಕ್ಕರು. ಕೊನೆಗೆ ದೇವದುರ್ಗದ ಬಸ್ಸು ಹತ್ತಿ ಮಸರಕಲ್ಲಿನ ಅಕ್ಕನ ಮನೆಗೆ ಹೋದೆ. ನಮ್ಮ ಅವ್ವನ ಕಾಲದ ಹೀರೆ ಬೀಜವನ್ನು ಅಕ್ಕ ಇಂದಿಗೂ ಬಿಟ್ಟಿಲ್ಲ. ಚೀಲಕ್ಕೆ ಏನೇನೋ ತುಂಬುತ್ತ ಅವಳು ಏನೋ ಹೇಳುತ್ತಲೇ ಇದ್ದಳು. ನಾನು ಅವಳ ಮುಂದೆ ಫೋನು ಹಿಡಿದು, “ಇಲ್ಲಿ ನೋಡು, ಮೂಗು ಅವ್ವಂದಽ” ಎನ್ನುತ್ತಲೇ ಇದ್ದೆ.

ಮನೆಗೆ ಬಂದು ಚೀಲ ಬಿಚ್ಚಿದರೆ ಬಟ್ಟೆಗಂಟಿನಲ್ಲಿ ಸಬ್ಬಸಿಗೆ ಬೀಜ, ಕೂಸಿಗೆ ಹೊಗೆ ಹಾಕಲು ಏಳೆಂಟು ಸಗಣಿ ಕುಳ್ಳು. ಹೀರೆ ಬೀಜವೇ ಇಲ್ಲ. ಪಾಪ, ವಯಸ್ಸಾಯಿತು, ಮರೆತಿದ್ದಾಳೆ ಎಂದು ದೊಡ್ಡ ಮನಸ್ಸಿನಿಂದ ಅಕ್ಕನನ್ನು ಕ್ಷಮಿಸಿದೆ.

ದಿನಾ ಕೂಸಿಗೆ ನೀರೆರೆದ ಮೇಲೆ ಕುಳ್ಳು ಮುರಿದು ಕೆಂಡ ಮಾಡಿ ಲೋಬಾನದ ಹೊಗೆ ಹಾಕುವುದು ನನ್ನ ಕೆಲಸ. ಒಂದು ಬೆಳಗ್ಗೆ ಕೆಂಡದಲ್ಲಿ ಚಟಚಟ ಸಿಡಿಯುವ ಸದ್ದಾಯಿತು. ಇವತ್ತಿನ ಲೋಬಾನ ಭಾರಿ ಜೋರಾಗಿದೆ ಎಂದುಕೊಳ್ಳುತ್ತಿರುವಾಗಲೇ ಅಕ್ಕನ ಫೋನು ಬಂತು.

“ತಮ್ಮಾ, ಹೀರಿ ಹಾಕಿದೇನು?”

“ನೀ ಎಲ್ಲಿ ಕೊಟ್ಟಿ ಯಕ್ಕಾ?”

“ಸುಣ್ಣದ ಚುಕ್ಕಿ ಇಟ್ಟ ಕುಳ್ಳಿನಾಗ ಒತ್ತೀನಿ ಅಂತ ಬಡಕೊಂಡೆನಲ್ಲೋ!”

ಹುಳ ಹತ್ತಬಾರದೆಂದು ಹಸಿ ಸಗಣಿಯಲ್ಲಿ ಬೀಜ ಒತ್ತಿ ಒಣಗಿಸುವುದು ಅವ್ವನ ಪದ್ಧತಿ. ಅದನ್ನು ನೋಡುತ್ತಲೇ ಬೆಳೆದವನು ನಾನು! ಕೆಳಗೆ ನೋಡಿದೆ. ಅರ್ಧ ಕುಳ್ಳು ಕೆಂಡವಾಗಿತ್ತು. ಕಾಲ ಬಳಿ ಬಿದ್ದ ಉಳಿದರ್ಧದ ಮೇಲೆ ಬೆಳ್ಳಗೆ ಒಂದು ಚುಕ್ಕಿ. ನಡೆದದ್ದನ್ನು ತೊದಲಿದೆ.

“ಕೂಸಿನ ಹೊಗಿಗೆ ಹೀರಿ ಬೀಜದ ಒಗ್ಗರಣಿ ಹಾಕಿದೇನೋ ಮೂಳ! ಅವ್ವನ ಬೀಜೋ ಅವು. ನನ್ನ ಹಂತ್ಯಾಕ ಇನ್ನ ಒಂದೂ ಇಲ್ಲ” ಎಂದಳು. ಅವಳ ದನಿ ಕೊನೆಗೆ ಸಣ್ಣದಾಯಿತು.

ಉಳಿದ ತುಂಡನ್ನು ನೀರಲ್ಲಿ ನೆನೆಸಿ ಬಿಡಿಸಿದೆ. ನಾಲ್ಕು ಬೀಜ. ಊರೂರು ತಿರುಗಿ ‘ಸ್ವಲ್ಪೇ ಸ್ವಲ್ಪ ಸಾಕು’ ಎಂದವನಿಗೆ ದೇವರು ಮಾತು ನಡೆಸಿಕೊಟ್ಟಿದ್ದ. ಎಂಟನೆಯ ದಿನ ಎರಡು ಮೊಳಕೆ ತಲೆಯೆತ್ತಿದಾಗ ನಾನು ಕೂಗಿದ ಕೂಗಿಗೆ ಕೂಸು ಬೆಚ್ಚಿತು.

ಬಳ್ಳಿ ಹಬ್ಬಿ ಹೂ ಬಿಟ್ಟ ಮೇಲೆ ಅಕ್ಕ ಬಂದಳು. “ಮೊದಲನೇ ಕಾಯಿ ಬೀಜಕ್ಕ ಬಿಡು, ಎರಡನೇದು ಕೂಸಿಗೆ” ಎಂದಳು. ಈ ಸಲ ಫೋನನ್ನು ಜೇಬಿನಲ್ಲಿಟ್ಟು ಕೇಳಿದೆ. ಎರಡನೆಯದನ್ನು ಮೊಮ್ಮಗಳು ಅರ್ಧ ನುಂಗಿ, ಅರ್ಧ ನನ್ನ ಅಂಗಿಯ ಮೇಲೆ ಉಗುಳಿದಳು.

ಮೊದಲನೆಯದು ಬಳ್ಳಿಯಲ್ಲೇ ಒಣಗಿತು. ಅದರ ಬೀಜಗಳನ್ನು ಎರಡು ಕುಳ್ಳಿನಲ್ಲಿ ಒತ್ತಿ, ಅಕ್ಕನಿಗೊಂದು ಕಳಿಸಿ, ನಮಗೊಂದು ಇಟ್ಟುಕೊಂಡಿದ್ದೇನೆ. ಅಕ್ಕನದಕ್ಕೆ ಒಂದು ಚುಕ್ಕಿ ಸಾಕಾಯಿತು. ನಮ್ಮದಕ್ಕೆ ಮಾತ್ರ ಅಂಚಿನಿಂದ ಅಂಚಿಗೆ ಸುಣ್ಣ ಬಳಿದಿದ್ದೇನೆ, ನಮ್ಮ ಮನೆಯಲ್ಲಿ ಅಜ್ಜನೊಬ್ಬನಿದ್ದಾನಲ್ಲ.