ಅಪ್ಪ ಕಳಿಸಿದ್ದಾರೆ ಅಂದ್ರೂ ತೆಗೀಬೇಡ

ಯಾರಾದರೂ ಹೊರಗೆ ನಿಂತು 'ನಿಮ್ಮಪ್ಪ ಕಳಿಸಿದ್ದಾರೆ, ಬಾಗಿಲು ತೆಗಿ' ಅಂದರೆ ತೆಗೆಯಬಾರದು.

ಯುಕೆಜಿಯಿಂದಲೂ ನನ್ನ ಮಗಳಿಗೆ ಈ ಪಾಠ ಹೇಳಿಕೊಟ್ಟವಳು ನಾನು. ನಿಮ್ಮಲ್ಲಿ ಹೆಚ್ಚಿನವರೂ ನಿಮ್ಮ ಮಕ್ಕಳಿಗೆ ಹೇಳಿಕೊಟ್ಟಿರುತ್ತೀರಿ. ಕಳೆದ ತಿಂಗಳು, ಹದಿನಾರರ ವಯಸ್ಸಿನಲ್ಲಿ, ಹೋಟೆಲೊಂದರ ನಾಲ್ಕನೇ ಮಹಡಿಯಲ್ಲಿ ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು.

ಬಾಗಿಲಿನ ಆಚೆ ಕಾರಿಡಾರ್ ತುಂಬ ಹೊಗೆ ಇತ್ತು.

(ಗಾಬರಿ ಬೇಡ. ಮಕ್ಕಳಿಬ್ಬರೂ ಚೆನ್ನಾಗಿದ್ದಾರೆ. ನಾನಿದನ್ನು ಬರೆಯುತ್ತಿರುವಾಗ ಚಾರ್ಜರ್ ಯಾರದ್ದು ಎಂದು ಪಕ್ಕದ ರೂಮಿನಲ್ಲಿ ಜಗಳವಾಡುತ್ತಿದ್ದಾರೆ. ಇನ್ನೂ ಸರಿಹೋಗದಿರುವುದು ನಾನೊಬ್ಬಳೇ.)

ನಾವಿರುವುದು ಟಿ. ದಾಸರಹಳ್ಳಿಯಲ್ಲಿ. ನನ್ನ ಗಂಡ ಲೋಕೇಶ್ ಪೀಣ್ಯದಲ್ಲಿ ಒಂದು ಸಣ್ಣ ಮೆಷಿನ್ ಶಾಪ್ ನಡೆಸುತ್ತಾರೆ. ಮಗಳು ಸಿಂಚನಾ ಪಿಯುಸಿ, ಮಗ ತೇಜು ಒಂಬತ್ತನೇ ಕ್ಲಾಸು. ಮಕ್ಕಳು ದೊಡ್ಡವರಾದ ಮೇಲೆ ರಜೆಗೆ ಹೋಗುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಿಲ್ಲ. ಅವಳಿಗೆ ಬಿಡುವಿದ್ದಾಗ ಇವನಿಗೆ ಟೆಸ್ಟ್. ಇವನಿಗೆ ಬಿಡುವಿದ್ದಾಗ ಅವಳಿಗೆ ಕೋಚಿಂಗ್. ಅಂತೂ ನಾಲ್ವರಿಗೂ ಒಟ್ಟಿಗೆ ಸಿಕ್ಕಿದ್ದು ಒಂದು ಶನಿವಾರ, ಒಂದು ಭಾನುವಾರ.

'ವೈಟ್‌ಫೀಲ್ಡ್‌ಗೆ ಹೋಗೋಣ' ಎಂದರು ಲೋಕೇಶ್.

'ಅಲ್ಲಿ ಏನ್ ನೋಡೋದಪ್ಪಾ? ಟ್ರಾಫಿಕ್ಕಾ?' ಎಂದಳು ಮಗಳು.

ಅವರ ಯೋಚನೆ ತಪ್ಪೇನಿರಲಿಲ್ಲ. ವಾರವಿಡೀ ಕಂಪನಿಯವರಿಂದ ತುಂಬಿ ತುಳುಕುವ ಆ ಕಡೆಯ ಹೋಟೆಲುಗಳು ವಾರದ ಕೊನೆಯಲ್ಲಿ ಖಾಲಿ ಹೊಡೆಯುತ್ತವೆ. ರೇಟು ಇಳಿಯುತ್ತದೆ. ಈಜುಕೊಳ ಇರುತ್ತದೆ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಿಸಿದರೆ ಆಯಿತು. ಸೂಟ್‌ಕೇಸ್ ಎಳೆದುಕೊಂಡು ಮೆಟ್ರೋದಲ್ಲಿ ರಜೆಗೆ ಹೊರಟ ಕುಟುಂಬಗಳು ಬೆಂಗಳೂರಿನಲ್ಲಿ ಎಷ್ಟಿವೆಯೋ ಗೊತ್ತಿಲ್ಲ. ನಮ್ಮದಂತೂ ಒಂದು.

'ಈಜಾಡಾಕೆ ಅಲ್ಲಿಗಂಟ ಓಗ್ಬೇಕಾ?' ಎಂದರು ಅತ್ತೆ. ದಾಸರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಮದುವೆಯಾಗಿ ಬಂದವರು ಅವರು. ವೈಟ್‌ಫೀಲ್ಡ್ ಅವರ ಪಾಲಿಗೆ ಬೇರೆ ಜಿಲ್ಲೆ.

ನಾನು ಹೋಟೆಲಿಗೆ ಫೋನ್ ಮಾಡಿದೆ. ಫ್ಯಾಮಿಲಿ ರೂಮ್ ಇದೆಯಾ ಎಂದು ಕೇಳಿದೆ.

'ನಮ್ದು ಬಿಸಿನೆಸ್ ಹೋಟೆಲ್ ಮೇಡಂ. ರೂಮಿಗೆ ಇಬ್ರು.'

'ನಾವು ನಾಲ್ಕು ಜನ. ಅದ್ರಲ್ಲಿ ಇಬ್ರು ಮಕ್ಕಳು.'

'ಏಜ್ ಹೇಳಿ ಮೇಡಂ.'

'ಹದಿನಾರು, ಹದಿನಾಲ್ಕು.'

'ಅವ್ರು ಮಕ್ಕಳಲ್ಲ ಮೇಡಂ. ನಮ್ ಸಿಸ್ಟಮ್‌ನಲ್ಲಿ ಹನ್ನೆರಡು ದಾಟಿದ್ರೆ ಅಡಲ್ಟ್.'

ಅಡಲ್ಟ್ ಅಂತೆ. ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯಬಾರದು ಎಂದು ಇನ್ನೂ ಅರ್ಥವಾಗದವನು ಅಡಲ್ಟ್.

ಅವರು ಚಿಕ್ಕವರಿದ್ದಾಗ ಈ ತಲೆನೋವೇ ಇರಲಿಲ್ಲ. ಒಂದು ರೂಮು, ಒಂದು ಮಂಚ, ನಾಲ್ವರೂ ಅಡ್ಡಡ್ಡ ಮಲಗಿದರೆ ಮುಗಿಯಿತು. ಈಗ ಮೀಸೆ ಚಿಗುರುತ್ತಿರುವ ಮಗ ಅಮ್ಮನ ಪಕ್ಕ ಮಲಗುವುದಿಲ್ಲ. ಮಗಳಿಗೆ ಕನ್ನಡಿಯ ಮುಂದೆ ಯಾರೂ ಅಡ್ಡ ಬರಬಾರದು. ಅಪ್ಪ ಮಗ ಒಂದು ರೂಮು, ಅಮ್ಮ ಮಗಳು ಇನ್ನೊಂದು ಎಂದೆ. 'ಅದು ರಜೆ ಅಲ್ಲಮ್ಮ, ಹಾಸ್ಟೆಲ್. ನಾನೂ ತೇಜೂ ಒಂದ್ರಲ್ಲಿ ಇರ್ತೀವಿ. ಹೋಟೆಲ್‌ನವ್ರೇ ನಮ್ಮನ್ನ ಅಡಲ್ಟ್ ಅಂದಿದ್ದಾರೆ' ಎಂದಳು ಸಿಂಚನಾ. ವಾದದಲ್ಲಿ ಅವಳನ್ನು ಗೆದ್ದು ಎಷ್ಟೋ ವರ್ಷವಾಗಿದೆ.

ಎರಡು ರೂಮು ಪಕ್ಕಪಕ್ಕ ಕೊಡಿ ಎಂದು ಕೇಳಿದ್ದೆ. 'ನೋಟ್ ಮಾಡ್ಕೊಂಡಿದೀನಿ ಮೇಡಂ' ಎಂದಿದ್ದರು. ಹೋಗಿ ನೋಡಿದರೆ ನಮಗೆ ಎರಡನೇ ಮಹಡಿ, ಮಕ್ಕಳಿಗೆ ನಾಲ್ಕನೆಯದು. ಜಗಳವಾಡಬೇಕಿತ್ತೇ? ಲಿಫ್ಟ್ ಇದೆಯಲ್ಲ ಎಂದುಕೊಂಡು ಕೀ ಕಾರ್ಡ್ ತೆಗೆದುಕೊಂಡೆ.

ಇನ್ನೊಂದು ಸಂಗತಿ ಹೇಳಬೇಕು. ಮೆಟ್ರೋದಲ್ಲೇ ಮಗಳು ಒಂದು ಷರತ್ತು ಹಾಕಿದ್ದಳು.

'ಅಲ್ಲಿ ಯಾರೂ ನನ್ನ ಸುಬ್ಬಿ ಅನ್ನಬಾರ್ದು.'

ಷಷ್ಠಿಯ ದಿನ ಹುಟ್ಟಿದವಳಿಗೆ ಅಜ್ಜಿ ಇಟ್ಟ ಹೆಸರು ಸುಬ್ಬಿ. ಸಿಂಚನಾ ಎಂಬುದು ಆಧಾರ್ ಕಾರ್ಡಿಗೆ, ಶಾಲೆಗೆ. ಮನೆಯೊಳಗೆ ಹುಟ್ಟಿದಂದಿನಿಂದ ಸುಬ್ಬಿಯೇ. ಅವರಪ್ಪನ ಬಾಯಲ್ಲಿ ನಾನು ಬೇರೆ ಹೆಸರು ಕೇಳಿಯೇ ಇರಲಿಲ್ಲ. ಆದರೂ ಲೋಕೇಶ್ ಕೈ ಮುಗಿದು 'ಆಯ್ತು ಸಿಂಚನಾ ಮೇಡಂ' ಎಂದರು. ಮಾತು ಉಳಿಸಿಕೊಂಡರು ಕೂಡ. ಈಜುಕೊಳದ ದಡದಲ್ಲಿ ಇಡೀ ಸಂಜೆ 'ಸಿಂಚನಾ ಅವ್ರೇ, ಟವೆಲ್ ಬೇಕಾ?' ಎಂದು ಕಾಡಿಸಿದರು.

ರಾತ್ರಿ ಊಟ ಮುಗಿಸಿ ಮಕ್ಕಳನ್ನು ರೂಮಿಗೆ ಬಿಟ್ಟೆ. ಬಾಗಿಲಲ್ಲಿ ನಿಂತು ನನ್ನ ಪಾಠ ಒಪ್ಪಿಸಿದೆ. ಒಳಗಿನಿಂದ ಬೋಲ್ಟ್ ಹಾಕ್ಕೊಳಿ. ಚೈನೂ ಹಾಕ್ಕೊಳಿ. ರೂಮ್ ಸರ್ವೀಸ್ ಅಂದ್ರೂ ತೆಗೀಬೇಡಿ, ಮ್ಯಾನೇಜರ್ ಅಂದ್ರೂ ತೆಗೀಬೇಡಿ.

'ಅಪ್ಪ ಕಳಿಸಿದ್ದಾರೆ ಅಂದ್ರೂ ತೆಗೀಬಾರ್ದು. ಗೊತ್ತಮ್ಮ' ಎಂದಳು ಸಿಂಚನಾ, ನನ್ನದೇ ರಾಗದಲ್ಲಿ.

ಫೋನುಗಳನ್ನೂ ಇಸಿದುಕೊಂಡೆ. ಮನೆಯಲ್ಲಿ ಮಲಗುವ ಹೊತ್ತಿಗೆ ಎಲ್ಲರ ಫೋನೂ ಫ್ರಿಜ್ ಮೇಲೆ ಸೇರಬೇಕು. ಅಲ್ಲಿ ಫ್ರಿಜ್ ಬದಲು ನನ್ನ ಹ್ಯಾಂಡ್‌ಬ್ಯಾಗ್, ಅಷ್ಟೇ ವ್ಯತ್ಯಾಸ.

ಬೆಳಿಗ್ಗೆ ನಾವಿಬ್ಬರೂ ಕೆಳಗೆ ತಿಂಡಿಗೆ ಹೋದೆವು. ಮಕ್ಕಳಿಗೆ ಇಂಟರ್‌ಕಾಮ್ ಮಾಡಿದೆ. 'ಇನ್ನೈದು ನಿಮಿಷ' ಎಂದ ತೇಜು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದರೆ ಎಂಗೇಜ್. ನನ್ನ ಕಾಟ ತಡೆಯಲಾರದೆ ರಿಸೀವರ್ ತೆಗೆದು ಪಕ್ಕಕ್ಕಿಟ್ಟಿದ್ದ.

ಅಲಾರಂ ಹೊಡೆದುಕೊಂಡಿತು. ಒಬ್ಬರೂ ಏಳಲಿಲ್ಲ. ಪಕ್ಕದ ಟೇಬಲ್ಲಿನವರು ವಡೆ ಮುರಿಯುತ್ತಾ 'ಡ್ರಿಲ್ ಇರ್ಬೇಕು' ಎಂದರು. ಆಫೀಸುಗಳಲ್ಲಿ ಎಷ್ಟು ಸಲ ಅಲಾರಂ ಕೇಳಿ ಕೆಳಗಿಳಿದು, ಹರಟೆ ಹೊಡೆದು, ಮತ್ತೆ ಮೇಲೆ ಹೋಗಿರುತ್ತೇವೆ. ಆ ಶಬ್ದಕ್ಕೆ ಹೆದರುವುದನ್ನೇ ನಾವು ಮರೆತಿದ್ದೇವೆ. ನಾನೂ ಕಾಫಿ ಬಗ್ಗಿಸಿಕೊಂಡೆ.

ಆಗ ಸೆಕ್ಯೂರಿಟಿಯವರು ಓಡಿ ಬಂದರು. 'ಎಲ್ಲಾ ಹೊರಗೆ ಬನ್ನಿ. ನಾಲ್ಕನೇ ಫ್ಲೋರಲ್ಲಿ ಕರೆಂಟ್ ಪ್ಯಾನಲ್ ಹತ್ಕೊಂಡಿದೆ.'

ನಾಲ್ಕನೆಯದು.

ಲೋಕೇಶ್ 'ನಮ್ ಮಕ್ಕಳು ಮೇಲಿದ್ದಾರೆ' ಎಂದು ಕೂಗುತ್ತಾ ಮೆಟ್ಟಿಲಿನ ಕಡೆ ಓಡಿದರು. ಸೆಕ್ಯೂರಿಟಿಯವರು ತಡೆದರು. 'ಸಾರ್, ಮೇಲೆ ನಮ್ಮ ಸ್ಟಾಫ್ ಇದ್ದಾರೆ, ವಾಕಿಟಾಕಿಯಲ್ಲಿ ಹೇಳಿದೀವಿ, ಕರ್ಕೊಂಡ್ ಬರ್ತಾರೆ.' ಲೋಕೇಶ್ ಕೈ ಕೊಸರಿಕೊಂಡು ಮೇಲೆ ಓಡಿದರು. ಸೆಕ್ಯೂರಿಟಿಯವರು ನನ್ನನ್ನು ಉಳಿದವರೊಂದಿಗೆ ಹೊರಗೆ ತಳ್ಳಿದರು. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಮಕ್ಕಳ ಫೋನುಗಳು ಒಂದಕ್ಕೊಂದು ತಾಗಿ ಟಕ್ ಟಕ್ ಎನ್ನುತ್ತಿದ್ದವು.

ಹೊರಗೆ ನಿಂತು ನಾಲ್ಕನೇ ಮಹಡಿಯ ಕಿಟಕಿ ಹುಡುಕಿದೆ. ತೆರೆಯಲು ಬಾರದ ಗಾಜು. ಕರ್ಟನ್ ಸರಿಯಿತು. ತೇಜು. ಕೆಳಗಿನ ಗುಂಪನ್ನು ಸುಮ್ಮನೆ ನೋಡಿದ, ನನ್ನನ್ನು ಗುರುತಿಸಿದ. ನಾನು ಎರಡೂ ಕೈ ಬೀಸಿದೆ, ಬಾ ಬಾ ಎಂದು ಸನ್ನೆ ಮಾಡಿದೆ, ಕಿರುಚಿದೆ. ಗಾಜಿನಾಚೆ ಏನು ಕೇಳಿಸೀತು? ಅವನ ಕಣ್ಣಿಗೆ ನಾನು ತಿಂಡಿಗೆ ಕರೆಯುತ್ತಿರುವ ಅಮ್ಮ.

ಅವನು ಐದು ಬೆರಳು ತೋರಿಸಿದ. ಕರ್ಟನ್ ಎಳೆದುಕೊಂಡ.

ಆ ಐದು ಬೆರಳು. ಸೊಪ್ಪು ಸೋಸುವಾಗ, ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ಈಗ ಈ ಸಾಲು ಬರೆಯುವಾಗಲೂ ಕಣ್ಣ ಮುಂದೆ ಅದೇ.

ಮೇಲೆ ಏನಾಯಿತು ಎನ್ನುವುದನ್ನು ಆಮೇಲೆ ಮೂವರೂ ತುಂಡುತುಂಡಾಗಿ ಹೇಳಿದರು. ಆ ಮಹಡಿಯ ಕರೆಂಟು ಹೋಗಿತ್ತು. ಅಲಾರಂ ಎಲ್ಲೋ ಕೆಳಗೆ, ದೂರದಲ್ಲಿ ಕೇಳುತ್ತಿತ್ತು. ಮಕ್ಕಳು ಅದನ್ನು ಯಾರದೋ ಕಾರಿನದ್ದು ಎಂದುಕೊಂಡಿದ್ದರು. ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. ಸಿಂಚನಾ ಬಾಗಿಲಿನ ಸಣ್ಣ ಗಾಜಿನಲ್ಲಿ ಕಣ್ಣಿಟ್ಟು ನೋಡಿದಳು. ಹೊರಗೆ ಕತ್ತಲು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಯಾರೋ ಒಬ್ಬರು.

'ಬಾಗ್ಲು ತೆಗಿಯಮ್ಮ. ನಿಮ್ಮಪ್ಪ ಕಳ್ಸವ್ರೆ.'

ಯೋಚಿಸಿ. ಮುಖ ಮುಚ್ಚಿಕೊಂಡ ಅಪರಿಚಿತರು, ಕತ್ತಲ ಕಾರಿಡಾರ್, ಅದೇ ವಾಕ್ಯ. ನಾನು ಅವಳಿಗೆ ವರ್ಷಗಟ್ಟಲೆ ವರ್ಣಿಸಿದ್ದ ಅಪಾಯವೇ ಎದುರಿಗೆ ಬಂದು ನಿಂತಿತ್ತು. ಅವಳು ಕುರ್ಚಿ ಎಳೆದು ಬಾಗಿಲಿಗೆ ಒತ್ತಿದಳು.

'ಅಕ್ಕಾ, ಏನೋ ವಾಸ್ನೆ ಬರ್ತಿದೆ' ಎಂದ ತೇಜು.

'ಸುಮ್ನಿರೋ. ಬಾಗ್ಲು ತೆಗಿಸಕ್ಕೆ ಏನ್ ಬೇಕಾದ್ರೂ ಮಾಡ್ತಾರೆ.'

ಬಾಗಿಲು ಬಡಿಯುತ್ತಿದ್ದವರು ಹೋಟೆಲಿನ ಹೌಸ್‌ಕೀಪಿಂಗ್ ಹೆಂಗಸು. ಹೊಗೆಗೆ ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡಿದ್ದರು. ಮಾಸ್ಟರ್ ಕೀ ಇತ್ತು. ಆದರೆ ಒಳಗೆ ಬೋಲ್ಟ್, ಚೈನ್, ಕುರ್ಚಿ. ಅವರು ಬಡಿಯುತ್ತಲೇ ಇದ್ದಾಗ ಲೋಕೇಶ್ ತಲುಪಿದರು.

ಪೀಣ್ಯದ ಮೆಷಿನ್ನುಗಳ ನಡುವೆ ಕೂಗಿ ಕೂಗಿ ದೊಡ್ಡದಾದ ದನಿ ನನ್ನ ಗಂಡನದು. ಆವತ್ತು ಹೊಗೆ ಕುಡಿದು, ಕೆಮ್ಮಿ, ಕರ್ಚೀಫಿನೊಳಗಿಂದ ಬಂದದ್ದು ಯಾರದೋ ಗೊಗ್ಗರು ದನಿ.

'ಸಿಂಚನಾ, ಬಾಗಿಲು ತೆಗಿ. ಅಪ್ಪ ಕಣೆ.'

ಒಳಗೆ ಮಗಳು ತಮ್ಮನಿಗೆ ಪಿಸುಗುಟ್ಟಿದಳಂತೆ. 'ಇದು ಅಪ್ಪ ಅಲ್ಲ. ಅಪ್ಪ ನನ್ನ ಯಾವತ್ತಾದ್ರೂ ಸಿಂಚನಾ ಅಂದಿದಾರಾ? ರಿಜಿಸ್ಟರ್ ನೋಡಿ ಹೆಸ್ರು ಹೇಳ್ತಿದಾರೆ.'

ಹಿಂದಿನ ದಿನದ ಆ ತಮಾಷೆಯ 'ಸಿಂಚನಾ ಮೇಡಂ' ಅವಳಿಗೆ ನೆನಪೇ ಆಗಲಿಲ್ಲ. ಹೆದರಿಕೆಯಲ್ಲಿ ಅಪ್ಪನ ಬಾಯಲ್ಲಿ ಅವಳಿಗೆ ನೆನಪಾಗುವ ಹೆಸರು ಒಂದೇ. ಅಪ್ಪನಿಗೋ, ಪಾಪ, ಮಗಳ ಷರತ್ತು ಆ ಹೊಗೆಯಲ್ಲೂ ನಾಲಿಗೆಯ ಮೇಲೆ ಕೂತಿತ್ತು. ಅಮ್ಮನ ಮಾತು ಮಗಳು ಕೇಳಿದಳು, ಮಗಳ ಮಾತು ಅಪ್ಪ ಕೇಳಿದರು. ಯಾರೂ ತಪ್ಪು ಮಾಡಲಿಲ್ಲ. ಬಾಗಿಲು ಮಾತ್ರ ತೆರೆಯಲಿಲ್ಲ.

ಕೊನೆಗೆ ಲೋಕೇಶ್‌ಗೆ ಸಿಟ್ಟು ಬಂತು. ಅಳುವೂ ಬಂದಿರಬೇಕು, ಅವರು ಹೇಳುವುದಿಲ್ಲ. ಕಾಲಲ್ಲಿ ಬಾಗಿಲಿಗೆ ಒದ್ದು ಕೂಗಿದರು.

'ಸುಬ್ಬೀ... ಬಾಗ್ಲು ತೆಗಿಯೇ ಸುಬ್ಬೀ.'

ಕುರ್ಚಿ ಬಿದ್ದ ಸದ್ದು. ಚೈನ್ ಕಳಚಿದ ಸದ್ದು.

ಮೂವರೂ, ಹಿಂದೆ ಆ ಹೌಸ್‌ಕೀಪಿಂಗ್ ಹೆಂಗಸೂ, ಕೆಮ್ಮುತ್ತಾ ಮೆಟ್ಟಿಲಿಳಿದು ಬಂದರು. ತೇಜು ಬರಿಗಾಲಲ್ಲಿದ್ದ. ನಾನು ಅವನ ಕೈ ಹಿಡಿದು ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆನಂತೆ. ನನಗೆ ನೆನಪಿಲ್ಲ. ಬೆಂಕಿ ಪ್ಯಾನಲ್ಲಿನಾಚೆ ಹಬ್ಬಲಿಲ್ಲ, ಸ್ವಲ್ಪ ಹೊತ್ತಿನಲ್ಲೇ ಆರಿಸಿದರು. ಇನ್ನಷ್ಟು ಹಬ್ಬಿದ್ದರೆ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಜೋರಾಗಿ ಕೇಳುವುದಿಲ್ಲ.

ಆ ಹೆಂಗಸಿಗೆ ಥ್ಯಾಂಕ್ಸ್ ಹೇಳಲು ಹೋದೆ. ಮಗಳ ಪರವಾಗಿ ಸಾರಿ ಕೂಡ ಹೇಳಿದೆ.

'ನಿಮ್ ಮಗ್ಳದ್ದೇನೂ ತಪ್ಪಿಲ್ಲ ಬುಡಿ ಅಕ್ಕ' ಎಂದರು. 'ನಂಗೂ ಒಬ್ಳವ್ಳೆ. ನಾನೂ ಇಂಗೇ ಏಳ್ಕೊಟ್ಟಿವ್ನಿ, ಯಾರ್ ಕರುದ್ರೂ ತೆಗೀಬ್ಯಾಡ ಅಂತ.' ಮುಖದ ಬಟ್ಟೆ ಬಿಚ್ಚಿ ಹಿಂಡಿದರು. 'ಇನ್ಮೇಕೆ ಏನಂತ ಏಳ್ಕೊಡಾದೋ ಗೊತ್ತಾಯ್ತಿಲ್ಲ.'

ನನಗೂ ಗೊತ್ತಾಗುತ್ತಿಲ್ಲ. ಇನ್ನು ಮುಂದೆ ತೆಗಿ ಎನ್ನಲೇ? ಹಾಗೆ ಹೇಳುವ ಧೈರ್ಯ ನನಗಿಲ್ಲ. ಪೇಪರ್ ಓದುವ ಯಾರಿಗೂ ಇರಲಾರದು. ನೋಡಿ ಯೋಚಿಸಿ ತೆಗಿ ಎನ್ನಲೇ? ಅವಳು ನೋಡಿದಳು, ಯೋಚಿಸಿದಳು. ಅವಳಿಗೆ ಕಂಡ ಮಟ್ಟಿಗೆ ಅವಳ ತೀರ್ಮಾನ ಸರಿಯಾಗಿಯೇ ಇತ್ತು. ಹೋಟೆಲಿನ ಸಿಸ್ಟಮ್‌ಗೆ ಅವಳು ಅಡಲ್ಟ್. ನನಗೆ ರಾತ್ರಿ ಫೋನ್ ಕಿತ್ತಿಟ್ಟುಕೊಳ್ಳಬೇಕಾದ ಮಗು. ಅವಳ ಪಾಡಿಗೆ ಒಂದು ರೂಮು ಕೊಟ್ಟೆವು, ಆ ರೂಮಿನಿಂದ ನಮ್ಮನ್ನು ಕರೆಯುವ ದಾರಿಯನ್ನು ನನ್ನ ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ದೊಡ್ಡ ಮಕ್ಕಳನ್ನು ನಾವೆಲ್ಲ ಬೆಳೆಸುತ್ತಿರುವುದು ಹೆಚ್ಚುಕಡಿಮೆ ಹೀಗೆಯೇ ಅಲ್ಲವೇ?

ಅತ್ತೆಗೆ ವಿಷಯ ಮುಚ್ಚಿಡಬೇಕೆಂದಿದ್ದೆವು. ತೇಜು ಗೇಟಿನಲ್ಲೇ ಹೇಳಿಬಿಟ್ಟ. ಪೂರ್ತಿ ಕೇಳಿಸಿಕೊಂಡು ಅವರು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

'ನಾ ಮಡಗಿದ್ ಎಸ್ರು ಬ್ಯಾಡ ಅಂದ್ಯಲ್ಲಾ' ಎಂದರು, ಅಷ್ಟೇ. ಸಿಂಚನಾ ಮೊದಲ ಸಲ ಅತ್ತದ್ದು ಆಗ.

ಮೊನ್ನೆ ಹೋಟೆಲ್ ಬುಕ್ ಮಾಡುವ ಆಪ್ ಒಂದನ್ನು ತೆರೆದು ಕುಳಿತಿದ್ದೆ. ಪರೀಕ್ಷೆ ಮುಗಿದ ಮೇಲೆ ಎಲ್ಲಿಗಾದರೂ ಹೋಗಬೇಕಲ್ಲ. ಅಡಲ್ಟ್ ಎಷ್ಟು, ಮಕ್ಕಳು ಎಷ್ಟು ಎಂದು ಅದು ಕೇಳಿತು. ನಾಲ್ಕು ಎಂದು ಒತ್ತಿದೆ, ಸೊನ್ನೆ ಎಂದು ಒತ್ತಿದೆ. ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಮಗಳು 'ಎರಡು ರೂಮೇ ಮಾಡು. ಮಧ್ಯೆ ಬಾಗ್ಲಿರೋದು ಸಿಗುತ್ತಾ ನೋಡು' ಎಂದಳು.

ಹೋಗುವಾಗ ತಿರುಗಿ ನಿಂತು ತನ್ನ ಹಳೆಯ ಷರತ್ತಿಗೆ ತಿದ್ದುಪಡಿಯನ್ನೂ ಹೇಳಿದಳು. 'ಸುಬ್ಬಿ ಅನ್ಬಹುದು. ಆದ್ರೆ ಬಾಗ್ಲು ಹಾಕಿದ್ದಾಗ ಮಾತ್ರ.'

ಒಪ್ಪಿಕೊಂಡಿದ್ದೇವೆ. ಆದರೆ ಅವಳು ಮುಂದೆ ಹಾಕಿಕೊಳ್ಳಲಿರುವ ಬಾಗಿಲುಗಳಿಗೆಲ್ಲ ಆ ಒಂದು ಹೆಸರು ಸಾಕಾದೀತೇ?