ನೆಂಟರಿರುವ ಊರಿನಲ್ಲಿ ಲಾಡ್ಜು

ಸಾಗರದ ಮಹಾಲಕ್ಷ್ಮೀಗೆ ಐವತ್ತೊಂಬತ್ತು ತುಂಬುವ ಹೊತ್ತಿಗೆ ಒಂದು ವಿಷಯ ಹೊಳೆಯಿತು. ತನ್ನದೂ ಅಲ್ಲದ, ನೆಂಟರದ್ದೂ ಅಲ್ಲದ ಸೂರಿನಡಿ ಅವಳು ಈವರೆಗೆ ಒಂದು ರಾತ್ರಿಯೂ ಮಲಗಿರಲಿಲ್ಲ. ಮದುವೆ, ಉಪನಯನ, ಬಾಣಂತನ, ಶ್ರಾದ್ಧ ಎಂದು ಮನೆ ಬಿಟ್ಟು ಹೊರಟಿದ್ದೇನೋ ಉಂಟು. ಆದರೆ ಹೋದ ಕಡೆಯೆಲ್ಲ ಕಾಲು ತೊಳೆದ ಮೇಲೆ ಅವಳ ಹೆಜ್ಜೆ ನೇರ ಅಡಿಗೆಮನೆಗೆ. ಗಂಡಸರು ಜಗುಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂರುತ್ತಾರೆ. ಹೆಂಗಸರ ನೆಂಟಸ್ತಿಕೆ ಎಂದರೆ ಬೇರೆ ಮನೆಯ ತೆಂಗಿನಕಾಯಿ ತುರಿಯುವುದು. ಈ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ, ಖಂಡಿತ ಜಗುಲಿಯ ಕಡೆಯವರೇ ಇರಬೇಕು.

ಮಹಾಲಕ್ಷ್ಮೀ ಮೂವತ್ತೊಂದು ವರ್ಷದಿಂದ ರವಿಕೆ ಹೊಲಿಯುತ್ತಿದ್ದಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಊರಿನ ಅರ್ಧ ಹೆಂಗಸರ ತೋಳಿನ ಅಳತೆ ಅವಳಿಗೆ ಬಾಯಿಪಾಠ. ಯಾರು ಮೈ ತುಂಬಿಕೊಂಡರು, ಯಾರು ಸೊರಗಿದರು ಎಂಬುದು ಡಾಕ್ಟರಿಗಿಂತ ಮೊದಲು ಇವಳ ಟೇಪಿಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಅವಳು ಯಾರಿಗೂ ಹೇಳುವುದಿಲ್ಲ, ಅಂಗಡಿ ಇಷ್ಟು ವರ್ಷ ನಡೆದದ್ದು ಅದಕ್ಕೇ. ಗಂಡ ರವಿಶಂಕರ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಬಂಗಾರದಂಥ ಮನುಷ್ಯ. ಒಂದೇ ಒಂದು ಊನ, ಅವನಿಗೆ ಸುಳ್ಳು ಹೇಳಲು ಬಾರದು. ಕೇಳಿದ್ದಕ್ಕೆ ಉತ್ತರ ಕೊಡದೆ ಸುಮ್ಮನಿರಲೂ ಬಾರದು.

ಲಾಡ್ಜಿನ ಹುಳ ಬಿಟ್ಟವಳು ಸೌಜನ್ಯ. ತೀರ್ಥಹಳ್ಳಿಯ ಹುಡುಗಿ, ಸಾಗರದ ಶಾಲೆಯೊಂದರಲ್ಲಿ ಟೀಚರ್. ರವಿಕೆಗೆ ಅಳತೆ ಕೊಡಲು ಬಂದವಳು ಕೈ ಮೇಲೆತ್ತಿ ನಿಂತುಕೊಂಡೇ ಹೇಳಿದಳು. "ನಮ್ಮೂರಲ್ಲಿ ಹೊಳೆ ದಂಡೆ ಮೇಲೆ ಒಂದು ಸಣ್ಣ ಲಾಡ್ಜ್ ಇದೆ ಆಂಟಿ. ಆರೇ ರೂಮು. ಬಾಲ್ಕನೀಲಿ ಕೂತ್ರೆ ತುಂಗೆ ಕಾಣ್ತದೆ. ತಿಂಡಿ ರೂಮಿಗೇ ತಂದ್ಕೊಡ್ತಾರೆ."

"ರೂಮಿಗೇ?" ಎಂದಳು ಮಹಾಲಕ್ಷ್ಮೀ. ಟೇಪು ಅಲ್ಲಿಗೇ ನಿಂತಿತು.

"ಹೂಂ. ನಾವು ಎದ್ದು ಹೋಗೋದೂ ಬೇಡ."

ಅಂದಿನಿಂದ ಅವಳಿಗೆ ಹೊಲಿಗೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಅಳತೆ ಕತ್ತರಿಸುವ ಕಂದು ಕಾಗದದ ಮೇಲೆ ಮೂರು ದಿನದ ಯೋಜನೆ ಬರೆದಳು. ಮೊದಲ ದಿನ: ಬಸ್ಸು, ಆಮೇಲೆ ಮಲಗುವುದು. ಎರಡನೇ ದಿನ: ಹೊಳೆ ನೋಡುವುದು, ತಿಂಡಿ ಬಂದಾಗ ತಿನ್ನುವುದು. ಮೂರನೇ ದಿನಕ್ಕೆ ಏನೂ ತೋಚದೆ "ಮತ್ತೆ ಅದೇ" ಎಂದು ಬರೆದಳು. ಬರೆದದ್ದನ್ನು ಓದಿ ಅವಳಿಗೇ ನಗು ಬಂತು. ಆದರೆ ವಿಷಯ ನಗುವಂಥದ್ದಲ್ಲ. ಆಗ ಫೆಬ್ರವರಿ. ಮಾರ್ಚ್ ನಡುವಿಗೆ ಮಗಳು ಮೇಧಾಳ ಹೆರಿಗೆ. ಅಲ್ಲಿಂದ ಐದು ತಿಂಗಳ ಬಾಣಂತನ, ಆಮೇಲೆ ಮಗುವಿನ ಹಿಂದೆ ಓಡುವುದು. ಈ ಮೂರು ದಿನ ಈಗ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಷ್ಟು ಖಚಿತವಾಗಿ ಅವಳಿಗೆ ಗೊತ್ತಿತ್ತು.

ರವಿಶಂಕರ ಕಾಗದವನ್ನು ಎರಡು ಸಲ ಓದಿದ. "ಅಡ್ಡಿಲ್ಲೆ. ಆದ್ರೆ ಭೂದೇವಕ್ಕನ ಮನೆ ಇದ್ದಲೆ ಅಲ್ಲಿ" ಎಂದ.

ಹೂಂ, ಭೂದೇವಕ್ಕ. ರವಿಶಂಕರನ ಅಕ್ಕ, ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸಿದ ಹೆಂಗಸು. ತೀರ್ಥಹಳ್ಳಿಯ ಸೇತುವೆ ದಾಟಿದರೆ ಕುರುವಳ್ಳಿ, ಅಲ್ಲಿ ಅವಳ ಮನೆ. ಆಸ್ಪತ್ರೆಗೆ ಬಂದವರು, ಪರೀಕ್ಷೆಗೆ ಬಂದವರು, ಬಸ್ಸು ತಪ್ಪಿದವರು ಎಲ್ಲರಿಗೂ ಅಲ್ಲೇ ಊಟ, ಅಲ್ಲೇ ಹಾಸಿಗೆ. ಎರಡು ವರ್ಷದ ಹಿಂದೆ ಸೋದರಳಿಯ ಶ್ಯಾಮ ಎಲೆಕ್ಷನ್ ಡ್ಯೂಟಿಗೆಂದು ತೀರ್ಥಹಳ್ಳಿಗೆ ಹೋದವನು ಒಂದು ರಾತ್ರಿ ಲಾಡ್ಜಿನಲ್ಲಿ ಉಳಿದುಬಿಟ್ಟ. ಭೂದೇವಕ್ಕನಿಗೆ ಇವತ್ತಿಗೂ ಅವನ ಹತ್ತಿರ ಮಾತಿಲ್ಲ. ಅವನ ಹೊಸ ಮನೆಯ ಒಕ್ಕಲಿಗೂ ಹೋಗಲಿಲ್ಲ. ನಮ್ಮ ಕಡೆ ನೆಂಟರಿರುವ ಊರಿನಲ್ಲಿ ಲಾಡ್ಜಿಗೆ ಹೋಗುವುದೆಂದರೆ ಅವರ ಮನೆಯ ಅನ್ನಕ್ಕೆ ಕಲ್ಲು ಹಾಕಿದ ಹಾಗೆ.

ಬೇರೆ ಊರು ನೋಡೋಣವೆಂದರೆ ಹೊಸನಗರದಲ್ಲಿ ಮಹಾಲಕ್ಷ್ಮೀಯ ತಮ್ಮ. ಮೇಗರವಳ್ಳಿಯಲ್ಲಿ ಮೇಧಾಳ ಅತ್ತೆಯ ತಂಗಿ. ಆಗುಂಬೆಗೆ ಹೋಗುವುದಾದರೂ ಮೇಗರವಳ್ಳಿ ದಾಟಿಯೇ ಹೋಗಬೇಕು. ದೂರದ ಊರುಗಳ ಮಾತೆತ್ತಿದರೆ ರವಿಶಂಕರನ ಸೊಂಟ ಬಸ್ಸಿನಲ್ಲಿ ಅಷ್ಟು ಹೊತ್ತು ಕೂರುವುದಿಲ್ಲ. ದೇವರು ನೆಂಟರನ್ನು ಕೊಡುವಾಗ ಒಂದಾದರೂ ಊರು ಖಾಲಿ ಬಿಡಬಾರದಿತ್ತೇ? ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳೊಂದು ತೀರ್ಮಾನಕ್ಕೆ ಬಂದಳು. ತೀರ್ಥಹಳ್ಳಿಗೇ ಹೋಗುವುದು, ಭೂದೇವಕ್ಕನಿಗೆ ಹೇಳದಿರುವುದು. ಗಂಡ ಸುಳ್ಳು ಹೇಳಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ರೂಮು ಹೇಳುವ ದಿನ ಅವಳ ಕೈ ಮಿಷನ್ನಿನ ಮೇಲಿತ್ತು. ಅದಕ್ಕೆ ಫೋನನ್ನು ಸ್ಪೀಕರ್‌ಗೆ ಹಾಕಿ ಗಂಡನ ಕೈಗೆ ಕೊಟ್ಟಳು. ಅವಳು ಮಾಡಿದ ತಪ್ಪು ಅದೊಂದೇ. ಆ ಕಡೆ ಇದ್ದವನು ಲಾಡ್ಜಿನ ತೀರ್ಥೇಶ್. ಹೆಸರು ಕೇಳಿದ, ಊರು ಕೇಳಿದ, ಯಾವತ್ತು ಬರುವುದೆಂದು ಕೇಳಿದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮಲೆನಾಡಿನವನಾಗಿ ಹುಟ್ಟಿದ ಮೇಲೆ ಇನ್ನೊಂದು ಪ್ರಶ್ನೆ ಕೇಳದೆ ಫೋನಿಡುವುದು ಹೇಗೆ?

"ನಿಮ್ಮವ್ರು ಯಾರಾದ್ರೂ ಇದಾರಾ ಸಾರ್ ಇಲ್ಲಿ? ಯಾರ ಪೈಕಿ ಆಯ್ತು?"

ಮಹಾಲಕ್ಷ್ಮೀ ಮಿಷನ್ ನಿಲ್ಲಿಸಿ ಎರಡೂ ಕೈ ಅಲ್ಲಾಡಿಸಿದಳು. ರವಿಶಂಕರ ಹೆಂಡತಿಯನ್ನು ನೋಡಿದ, ಫೋನನ್ನು ನೋಡಿದ.

"ಕುರುವಳ್ಳಿ ಭೂದೇವಿ ನನ್ನ ಅಕ್ಕ."

"ಓ, ಭೂದೇವಮ್ಮನೋರ ತಮ್ಮನಾ? ನಮ್ಮಮ್ಮಂಗೆ ಭಾರಿ ಪರಿಚಯ ಅವ್ರು. ಹಂಗಾದ್ರೆ ಹೊಳೆ ಕಡೆ ರೂಮೇ ಕೊಡ್ತೀನಿ ಬಿಡಿ."

ಒಳ್ಳೆಯ ರೂಮೂ ಸಿಕ್ಕಿತು, ಮಾಡಿದ ಉಪಾಯವೂ ಹೊಳೆಯ ಪಾಲಾಯಿತು. ಫೋನಿಟ್ಟ ಮೇಲೆ ಮಹಾಲಕ್ಷ್ಮೀ ಕೇಳಿದಳು. "ಒಂದು ಗಳಿಗೆ ಸುಮ್ಮಂಗೆ ಇಪ್ಪಲೆ ಬತ್ತಿಲ್ಯ?"

"ಅವ ಕೇಳ್ದ. ನಾ ಹೇಳ್ದಿ" ಎಂದ ರವಿಶಂಕರ.

ಹೊರಡಲು ಇನ್ನು ನಾಲ್ಕು ದಿನ. ಫೋನ್ ಸದ್ದಾದರೆ ಭೂದೇವಕ್ಕನೇ ಅನ್ನಿಸುವುದು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ರವಿಕೆಯ ತೋಳನ್ನು ಉಲ್ಟಾ ಜೋಡಿಸಿದಳು. ತೀರ್ಥೇಶನ ಅಮ್ಮ ದೇವಸ್ಥಾನದಲ್ಲೋ ಸಂತೆಯಲ್ಲೋ ಹೇಳಿಯೇ ಹೇಳುತ್ತಾಳೆ. ಆಗ ಅತ್ತಿಗೆಯ ಮುಖ ಹೇಗಾಗಬಹುದು? ಗಂಡನಿಗೆ ಅನ್ನ ಹಾಕಿ ಬೆಳೆಸಿದವಳು. ಅವಳು ಮಾತು ಬಿಟ್ಟರೆ ಈ ಮನುಷ್ಯ ಕೊರಗಿ ಅರ್ಧವಾಗುತ್ತಾನೆ. ಮೂರು ದಿನದ ತಿಂಡಿಗೋಸ್ಕರ ಇದೆಲ್ಲ ಬೇಕಿತ್ತೇ ಎಂದು ತನ್ನ ಮೇಲೇ ಸಿಟ್ಟು ಬಂತು. ಜೊತೆಗೆ ಅಳುವೂ ಬಂತು. ಅವಳಿಗೆ ಆ ಮೂರು ದಿನ ನಿಜವಾಗಿಯೂ ಬೇಕಿತ್ತು.

ಮೂರನೇ ದಿನ ಬೆಳಿಗ್ಗೆ ಸೋತು ತಾನೇ ಫೋನ್ ಮಾಡಿದಳು. ಲಾಡ್ಜು ಬಿಟ್ಟು ಅತ್ತಿಗೆಯ ಮನೆಗೇ ಹೋಗುವುದೆಂದು ನಿಶ್ಚಯವಾಗಿತ್ತು.

"ಅತ್ತಿಗೆ, ನಾಳೆ ಇಬ್ರೂ ನಿಮ್ಮನೆಗೆ ಬತ್ಯ" ಎಂದಳು.

"ಎಂತಕ್ಕೆ?" ಎಂದಳು ಭೂದೇವಕ್ಕ. "ಲಾಡ್ಜಿಗೆ ಹೇಳಿದ್ದಿ ಅಲ್ದನೆ?"

ಮಹಾಲಕ್ಷ್ಮೀ ಏನಾದರೂ ನೆಪ ಹೇಳಬಹುದಿತ್ತು, ಅವಳಿಗೆ ಸುಳ್ಳು ಚೆನ್ನಾಗಿಯೇ ಬರುತ್ತಿತ್ತು. ಆದರೆ ಯಾಕೋ ಬಾಯಿಗೆ ನಿಜವೇ ಬಂತು. "ಅತ್ತಿಗೆ, ನಿನ್ನ ಮೇಲೆ ಎಂತ ಬೇಜಾರೂ ಇಲ್ಲೆ. ಮೂರು ದಿನ ಯಾರ ಅಡಿಗೆಮನೆಗೂ ಹೋಪದು ಬೇಡ ಅನ್ಸಿತು ನಂಗೆ. ನನ್ನದೂ ಬೇಡ, ನಿಂದೂ ಬೇಡ. ಅಷ್ಟೇಯ."

ಆ ಕಡೆ ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಯಾರೋ ಚಟ್ನಿ ಎಲ್ಲಿದೆ ಎಂದು ಕೇಳಿದರು. ಭೂದೇವಕ್ಕ ಅವರಿಗೆ ಉತ್ತರ ಕೊಡಲಿಲ್ಲ. ಫೋನ್ ಕಡಿಯಿತೋ ಎಂದು ಮಹಾಲಕ್ಷ್ಮೀ ತೆಗೆದು ನೋಡಿದಳು, ಕಡಿದಿರಲಿಲ್ಲ.

"ಆ ರೂಮಲ್ಲಿ ಎಷ್ಟು ಮಂಚ ಇದ್ದು?" ಎಂದು ಕೇಳಿತು ಆ ದನಿ, ಬಹಳ ಮೆಲ್ಲಗೆ.

"ಎರಡು."

"ರವಿಗೆ ಬೇರೆ ರೂಮು ಹೇಳು. ನಾನೂ ಬತ್ತಿ."

"ಶ್ಯಾಮ ಲಾಡ್ಜಲ್ಲಿ ಉಳ್ಕಂಡಿದ್ದಕ್ಕೆ ನೀನು..." ಎಂದು ಮಹಾಲಕ್ಷ್ಮೀ ರಾಗ ಎಳೆದಳು.

"ಅವ ಊಟಕ್ಕೆ ಬತ್ತಿ ಹೇಳಿದವ ಬಂದ್ನಿಲ್ಲೆ. ಅವಂಗೂ ಸೇರ್ಸಿ ಅಡಿಗೆ ಮಾಡಿಟ್ಕಂಡು ಕಾದಿದ್ದಿ ನಾನು. ಸಿಟ್ಟು ಬಂದಿದ್ದು ಅದಕ್ಕೆ, ಲಾಡ್ಜಿಗಲ್ಲ. ನಿಜ ಹೇಳವು ಅಂದ್ರೆ ಮಾರನೇ ದಿನ ಒಬ್ಬರ ಅಡಿಗೆ ಕಡಿಮೆ ಆತು ಹೇಳಿ ಸಮಾಧಾನವೇ ಆಗಿತ್ತು."

ಫೋನಿಟ್ಟು ಮಹಾಲಕ್ಷ್ಮೀ ಮಿಷನ್ನಿನ ಮುಂದೆ ಕೂತುಕೊಂಡು ಗಟ್ಟಿಯಾಗಿ ನಕ್ಕಳು. ಒಳಗಿನಿಂದ ಬಂದ ರವಿಶಂಕರನಿಗೆ ವಿಷಯ ಹೇಳಿದಾಗ ಅವನು ಕಣ್ಣು ಒರೆಸಿಕೊಂಡ. ಮೂರು ದಿನದಿಂದ ಅವನೂ ಸರಿಯಾಗಿ ಉಂಡಿರಲಿಲ್ಲವೆಂಬುದು ಅವಳ ಗಮನಕ್ಕೆ ಬಂದದ್ದು ಆಗಲೇ.

ಮಾರನೇ ದಿನ ಮಧ್ಯಾಹ್ನ ಇವರು ಬಸ್ಸಿಳಿದು ಲಾಡ್ಜು ತಲುಪುವಷ್ಟರಲ್ಲಿ ಭೂದೇವಕ್ಕ ಬಂದು ಕೂತಿದ್ದಳು. ಮಡಿಲಲ್ಲಿ ಒಂದು ಕೈಚೀಲ, ಅಷ್ಟೇ. ಮನೆಯಲ್ಲಿ ಏನು ಹೇಳಿ ಬಂದೆ ಎಂದು ತಮ್ಮ ಕೇಳಿದ. "ಸಾಗರದವು ಬಂದಿದ್ದ, ಅವರನ್ನ ಒಂಟಿ ಬಿಡಲಾಗ್ತಿಲ್ಲೆ ಹೇಳಿದ್ದಿ. ಸುಳ್ಳೆಂತ ಇದ್ದು ಅದರಲ್ಲಿ?" ಎಂದಳು. ಬ್ಯಾಂಕಿಗೆ ಹೋಗುವ ಸೊಸೆ ಮೂರು ದಿನ ರಜೆ ಹಾಕಿದ್ದಳಂತೆ. ಮಗ ಅನ್ನ ಮಾಡುವುದನ್ನು ಕಲಿಯುತ್ತಿದ್ದನಂತೆ.

ತೀರ್ಥೇಶ್ ಮಾತ್ರ ಇಕ್ಕಟ್ಟಿಗೆ ಸಿಕ್ಕಿದ. ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. "ಭೂದೇವಮ್ಮ, ತಪ್ಪು ತಿಳ್ಕೋಬೇಡಿ. ಇದೇ ಊರಿನ ಅಡ್ರೆಸ್ ಇದ್ರೆ ರೂಮ್ ಕೊಡೋ ಹಾಗಿಲ್ಲ ಅಂತ ಓನರ್ ಹೇಳಿದಾರೆ. ನಿಮ್ಮನೆ ಇಲ್ಲೇ ಕಾಣ್ತಾ ಇದೆಯಲ್ಲ."

ನಿಜ, ಬಾಲ್ಕನಿಯಿಂದ ಹೊಳೆಯಾಚೆ ಅವಳ ಮನೆಯ ಹಂಚು ಕಾಣುತ್ತಿತ್ತು.

ಭೂದೇವಕ್ಕ ದನಿ ಎತ್ತಲಿಲ್ಲ. "ಐವತ್ತು ವರ್ಷದಿಂದ ಈ ಊರಿಗೆ ಬಂದವ್ರಿಗೆಲ್ಲ ಜಾಗ ಕೊಟ್ಟಿದೀನಿ ಮಾರಾಯಾ, ಅಡ್ರೆಸ್ ಕೇಳ್ದೆ. ನಿಮ್ಮಮ್ಮ ನಿನ್ನ ಹೆತ್ತು ಆಸ್ಪತ್ರೆಯಿಂದ ಬಂದಾಗ ಮಳೆ ಬಂದು ರಸ್ತೆ ಕಡಿದಿತ್ತು. ನೀನು ಎಂಟು ದಿನ ಮಲಗಿದ್ದು ನಮ್ಮ ನಡುಮನೇಲಿ."

ತೀರ್ಥೇಶನ ಮುಖ ಕೆಂಪಾಯಿತು. ಕಾರ್ಡನ್ನು ಎರಡೂ ಕೈಯಲ್ಲಿ ವಾಪಸ್ಸು ಕೊಟ್ಟು ರೂಮಿನ ಕೀಲಿ ಮುಂದಿಟ್ಟ. ಓನರ್ ಕೇಳಿದರೆ ತಾನೇ ಹೇಳುತ್ತೇನೆ ಎಂದ.

ಆ ಸಂಜೆ ಚಹಾ ತಂದದ್ದು ಲಾಡ್ಜಿನ ಅಡಿಗೆಯ ಕೆರಿಯಮ್ಮ. ತಟ್ಟೆ ಕಂಡ ಕೂಡಲೇ ನಾದಿನಿ ಅತ್ತಿಗೆಯರಿಬ್ಬರೂ ಒಟ್ಟಿಗೇ ಎದ್ದು ನಿಂತರು. "ಕೂತ್ಕಳಿ ಅಮ್ಮ, ನಂಗೆ ಕೈ ಇಲ್ವಾ?" ಎಂದು ಕೆರಿಯಮ್ಮ ಗದರಿದಳು. ಕೂತರು. ಕುಡಿದಾದ ಮೇಲೆ ಭೂದೇವಕ್ಕ ಲೋಟ ತೊಳೆಯಲು ನಲ್ಲಿ ಹುಡುಕಿದಳು. ಮಹಾಲಕ್ಷ್ಮೀ ಅವಳ ಕೈಯಿಂದ ಲೋಟ ಕಿತ್ತು ಮೇಜಿನ ಮೇಲಿಟ್ಟಳು. ಕೆಳಗೆ ಬಂಡೆಗಳ ನಡುವೆ ತುಂಗೆ ತನ್ನ ಪಾಡಿಗೆ ಹರಿಯುತ್ತಿತ್ತು. ರವಿಶಂಕರ ಪಕ್ಕದ ರೂಮಿನ ಬಾಲ್ಕನಿಯಲ್ಲಿ ಒಬ್ಬನೇ ಕೂತು ಕವಳ ಜಗಿಯುತ್ತಿದ್ದ. ಅವನಿಗೂ ಜಗುಲಿ ಸಿಕ್ಕಿತಲ್ಲ ಎಂದು ಇಬ್ಬರೂ ನಕ್ಕರು.

ಮರುದಿನ ಮಹಾಲಕ್ಷ್ಮೀಗೆ ಎಚ್ಚರವಾದಾಗ ಕೋಣೆಯೊಳಗೆ ಬಿಸಿಲು ಬಂದಿತ್ತು. ಗಂಟೆ ಎಂಟೂ ಕಾಲು. ಅತ್ತಿಗೆ ಯಾವಾಗಲೋ ಎದ್ದು ಸ್ನಾನ ಮಾಡಿ ಕೂತಿರುತ್ತಾಳೆಂದು ನಾಚಿಕೆಯಾಗಿ ಹೊರಳಿ ನೋಡಿದಳು. ಭೂದೇವಕ್ಕ ಮಲಗಿದ್ದಳು. ಕೂದಲು ಬಿಚ್ಚಿ, ಬಾಯಿ ಸ್ವಲ್ಪ ತೆರೆದು, ಒಂದು ಕೈ ಮಂಚದಿಂದ ಕೆಳಗೆ ಬಿಟ್ಟು, ಗೊರಕೆ ಹೊಡೆಯುತ್ತಿದ್ದಳು. ಮದುವೆಯಾಗಿ ಬಂದ ಮೂವತ್ತಾರು ವರ್ಷದಲ್ಲಿ ಮಹಾಲಕ್ಷ್ಮೀ ಕುರುವಳ್ಳಿಯ ಮನೆಯಲ್ಲಿ ಎಷ್ಟು ರಾತ್ರಿ ಉಳಿದಿದ್ದಳೋ. ಅತ್ತಿಗೆ ನಿದ್ದೆ ಮಾಡುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಕೆರಿಯಮ್ಮ ತಿಂಡಿ ಹಿಡಿದು ಬಾಗಿಲು ತಟ್ಟಿದಳು. ಮಹಾಲಕ್ಷ್ಮೀ ಬಾಗಿಲನ್ನು ಅರ್ಧ ತೆರೆದು, "ಅತ್ತಿಗೆ ಇನ್ನೂ ಎದ್ದಿಲ್ಲ. ತಣ್ಣಗಾದರೂ ಅಡ್ಡಿಲ್ಲ, ಆಮೇಲೆ ತನ್ನಿ" ಎಂದಳು.